ಏಡಿ ಕಾಣದಿದ್ದರೆ ಟೆಲಿಸ್ಕೋಪಿನ ತಪ್ಪಲ್ಲ

ಏಡಿ, ಕುದುರೆತಲೆ, ಗೂಬೆ, ಉತ್ತರ ಅಮೆರಿಕ ಎಂದೆಲ್ಲ ಅಡ್ಡಹೆಸರು ಹೊತ್ತ ನೀಹಾರಿಕೆಗಳು ಟೆಲಿಸ್ಕೋಪಿನಲ್ಲಿ ಅದೇ ಆಕಾರದಲ್ಲಿ ಕಾಣುತ್ತವೆ ಎಂಬುದು ಹವ್ಯಾಸಿ ವೀಕ್ಷಕರಲ್ಲಿ ಬೇರೂರಿದ ನಂಬಿಕೆ. ಕಾಣದಿದ್ದರೆ ಉಪಕರಣ ಚಿಕ್ಕದಾಯಿತೆಂದು ಕೊರಗುವವರೂ ಇದ್ದಾರೆ. ಆದರೆ ಇಂಥ ಬಹುಪಾಲು ಹೆಸರುಗಳ ಹಿಂದಿರುವುದು ಯಾರೋ ಒಬ್ಬರು ಯಾವುದೋ ಒಂದು ಸಾಧನದಿಂದ ಪಡೆದ ಒಂದೇ ನೋಟ. ಏಡಿ ನೀಹಾರಿಕೆಯನ್ನೇ ತೆಗೆದುಕೊಳ್ಳಿ. 1054ರಲ್ಲಿ ಚೀನಾದ ಖಗೋಳಜ್ಞರು ದಾಖಲಿಸಿದ ನಕ್ಷತ್ರಸ್ಫೋಟದ ಅವಶೇಷವಿದು, ಖಗೋಳಜ್ಞ ಮೆಸಿಯೇ ಮಾಡಿದ ಮಸುಕು ವಸ್ತುಗಳ ಪಟ್ಟಿಯಲ್ಲಿ ಮೊದಲನೆಯದು. 1840ರ ದಶಕದಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ 36 ಅಂಗುಲದ ಕನ್ನಡಿಯಲ್ಲಿ ಇದನ್ನು ನೋಡಿ ಬಿಡಿಸಿದ ಚಿತ್ರದಲ್ಲಿ ಕಾಲುಗಳಂಥ ಎಳೆಗಳಿದ್ದವು. ಹೆಸರು ಹುಟ್ಟಿದ್ದು ಅಲ್ಲಿ. ಮುಂದೆ ಅವರೇ ಕಟ್ಟಿಸಿದ 72 ಅಂಗುಲದ ದೂರದರ್ಶಕದಲ್ಲಿ ಆ ಹೋಲಿಕೆ ಉಳಿಯಲಿಲ್ಲ, ಹೆಸರು ಮಾತ್ರ ಉಳಿಯಿತು. ದೊಡ್ಡ ಕನ್ನಡಿ ಕೊಂಡರೆ ಏಡಿ ಕಂಡೀತು ಎಂಬ ಆಸೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಚಿಕ್ಕ ಟೆಲಿಸ್ಕೋಪಿನಲ್ಲಿ ಅಂಡಾಕಾರದ ಬೂದು ಮಸುಕು ಕಂಡರೆ ನೀವು ಸರಿಯಾಗಿಯೇ ನೋಡಿದ್ದೀರಿ.

ಛಾಯಾಚಿತ್ರದಿಂದ ಬಂದ ಹೆಸರುಗಳು ಇನ್ನೂ ದಾರಿ ತಪ್ಪಿಸುತ್ತವೆ. ಕುದುರೆತಲೆಯನ್ನು 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಫಲಕವೊಂದರಲ್ಲಿ ಗುರುತಿಸಿದವರು ವಿಲಿಯಮಿನಾ ಫ್ಲೆಮಿಂಗ್. ಉತ್ತರ ಅಮೆರಿಕ ನೀಹಾರಿಕೆಯ ಆಕಾರ ಬೆಳಕಿಗೆ ಬಂದದ್ದು 1890ರಲ್ಲಿ ಮ್ಯಾಕ್ಸ್ ವುಲ್ಫ್ ತೆಗೆದ ಚಿತ್ರದಿಂದ. ಫಲಕ ಗಂಟೆಗಟ್ಟಲೆ ಬೆಳಕನ್ನು ಕೂಡಿಟ್ಟುಕೊಳ್ಳುತ್ತದೆ, ಕಣ್ಣಿಗೆ ಆ ಶಕ್ತಿಯಿಲ್ಲ. ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗ್ರಹಿಸುವ ಕೋಶಗಳು ಕೆಲಸ ಮಾಡುವುದಿಲ್ಲವಾದ್ದರಿಂದ ಚಿತ್ರಗಳ ಕೆಂಪು ಕೂಡ ಕಾಣದು. ಉತ್ತರ ಅಮೆರಿಕವಂತೂ ಆಕಾಶದಲ್ಲಿ ಹಲವು ಹುಣ್ಣಿಮೆ ಚಂದ್ರರಷ್ಟು ಅಗಲ ಹರಡಿದೆ. ದೊಡ್ಡ ಟೆಲಿಸ್ಕೋಪು ಅದರ ಒಂದು ತುಣುಕನ್ನಷ್ಟೇ ತೋರಿಸುತ್ತದೆ. ಕಗ್ಗತ್ತಲ ಊರಿನಲ್ಲಿ ಸಾಧಾರಣ ಬೈನಾಕ್ಯುಲರ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಲೈರಾ ನಕ್ಷತ್ರಪುಂಜದ ಉಂಗುರ ನೀಹಾರಿಕೆ ಚಿಕ್ಕ ಟೆಲಿಸ್ಕೋಪಿನಲ್ಲೂ ಉಂಗುರದಂತೆಯೇ ಕಾಣುತ್ತದಲ್ಲ ಎಂದು ಕೇಳಬಹುದು. ನಿಜ. ಅದರ ಬೆಳಕು ಪುಟ್ಟ ಜಾಗದಲ್ಲಿ ದಟ್ಟವಾಗಿದೆ, ಅದರ ರೂಪವನ್ನು ಮೊದಲು ಗುರುತಿಸಿದ್ದೂ ಕಣ್ಣೇ. ಹೆಸರು ಕಣ್ಣಿನಿಂದ ಬಂತೋ ಫಲಕದಿಂದ ಬಂತೋ ಎಂದು ಮೊದಲೇ ತಿಳಿದಿದ್ದರೆ ಏನನ್ನು ನಿರೀಕ್ಷಿಸಬೇಕೆಂಬುದೂ ತಿಳಿಯುತ್ತದೆ. ಹೆಸರುಗಳನ್ನೇ ಕೈಬಿಟ್ಟು ಬರೀ ಪಟ್ಟಿಯ ಸಂಖ್ಯೆ ಬಳಸೋಣವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ: ಉತ್ತರ ಅಮೆರಿಕವನ್ನು ಎನ್‌ಜಿಸಿ 7000 ಎಂದು ಕರೆದರೆ ಯಾರ ನೆನಪಿನಲ್ಲಿ ನಿಂತೀತು? ಹುಡುಕುವಾಗ ಹೆಸರು ಜೊತೆಗಿರಲಿ. ಐಪೀಸಿಗೆ ಕಣ್ಣಿಟ್ಟ ಮೇಲೆ ಅದನ್ನು ಮರೆತು, ಅರ್ಧ ಗಂಟೆ ಕತ್ತಲಿಗೆ ಹೊಂದಿಕೊಂಡ ಕಣ್ಣಿನಿಂದ, ವಸ್ತುವಿನ ತುಸು ಪಕ್ಕಕ್ಕೆ ದೃಷ್ಟಿ ನೆಟ್ಟು, ಕಂಡಷ್ಟನ್ನು ಕಾಗದದ ಮೇಲೆ ಬಿಡಿಸಿ.