ಇಂಚು ದೊಡ್ಡದಾಯಿತು, ಮಾತು ಕೇಳಿಸದಾಯಿತು

ಟಿ.ವಿ. ಕೊಳ್ಳಲು ಹೊರಟವರನ್ನು ನೆರೆಹೊರೆಯವರು ಕೇಳುವ ಪ್ರಶ್ನೆ ಒಂದೇ: "ಎಷ್ಟು ಇಂಚಿನದ್ದು?" ಅದರಲ್ಲಿ ಮಾತು ಹೇಗೆ ಕೇಳಿಸುತ್ತದೆ ಎಂದು ವಿಚಾರಿಸಿದವರನ್ನು ನಾನು ಕಂಡಿಲ್ಲ. ನಾನೂ ವಿಚಾರಿಸಿದವನಲ್ಲ. ಕ್ರಿಸ್‌ಮಸ್ ರಜೆಯಲ್ಲಿ ರಾಯದುರ್ಗಕ್ಕೆ ಹೋಗಿ ನಾಲ್ಕಾರು ದಿನ ನಿಂತು ಬಂದ ಮೇಲೆ ಈ ವಿಷಯದಲ್ಲಿ ನನ್ನ ಬುದ್ಧಿ ಕೊಂಚ ತಿದ್ದಿತೆನ್ನಬೇಕು.

ರಾಯದುರ್ಗದಲ್ಲಿ ನನ್ನ ಸಹಪಾಠಿಯೊಬ್ಬರಿದ್ದಾರೆ. ಕರ್ನಾಟಕದಲ್ಲಿ ಟಿ.ಸಿ.ಎಚ್. ಓದುವಾಗ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ಅವರ ಊರಿನ ಕತೆಗೂ ನಮ್ಮ ಕಾಸರಗೋಡಿನ ಕತೆಗೂ ಹೋಲಿಕೆಯುಂಟು. ರಾಯದುರ್ಗವು ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿದ್ದ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆಗೆ ಅದೂ ಆಂಧ್ರಕ್ಕೆ ಹೋಯಿತು. ಉಳಿದ ಬಳ್ಳಾರಿ ಮೈಸೂರಿಗೆ ಬಂತು. ನಮ್ಮದು ಅದಾದ ಮೂರು ವರ್ಷಕ್ಕೆ, 1956ರಲ್ಲಿ. ಬಯಲುಸೀಮೆಯ ಆ ಊರಿಗೂ ನಮ್ಮ ತೆಂಗು ಕಂಗಿನ ಊರಿಗೂ ಬೇರೇನೂ ಸಾಮ್ಯವಿಲ್ಲದಿದ್ದರೂ, ಅಂಗಡಿಯಲ್ಲಿ ಒಂದು ಭಾಷೆ, ಅಡಿಗೆಮನೆಯಲ್ಲಿ ಇನ್ನೊಂದು ಭಾಷೆ ಎಂಬ ಬಾಳ್ವೆ ಎರಡು ಕಡೆಯೂ ಒಂದೇ.

ಸಹಪಾಠಿಯ ಮನೆಯಲ್ಲಿ ಹೊಸ ಟಿ.ವಿ. ಬಂದಿತ್ತು. ಐವತ್ತೈದು ಇಂಚು. ಜೊತೆಗೆ ಐದು ಪೆಟ್ಟಿಗೆ, ಒಂದು ದೊಡ್ಡ ಡಬ್ಬದ ಹೋಂ ಥಿಯೇಟರ್. ಸಂಜೆ ಮನೆಮಂದಿಯೆಲ್ಲ ಎದುರಿಗೆ ಕುಳಿತರು. ಅವರ ತಾಯಿ ಮಾತ್ರ, ಎಪ್ಪತ್ತು ದಾಟಿದ ಹಿರಿಯರು, ಐದು ನಿಮಿಷ ನೋಡಿ ಎದ್ದು ಒಳಗೆ ಹೋದರು. ಯಾಕೆಂದು ಕೇಳಿದೆ. "ಏನ್ ಹೇಳ್ತಾರೋ ಒಂದೂ ತಿಳಿಯಂಗಿಲ್ಲ ಸಾರ್. ಬರೀ ಗುಂಯ್ ಅಂತೈತಿ" ಎಂದರು. ಹಳೆಯ ಡಬ್ಬ ಟಿ.ವಿ. ಇದ್ದಾಗ ದಿನವೂ ಎರಡು ಧಾರಾವಾಹಿ, ಒಂದು ವಾರ್ತೆ ತಪ್ಪಿಸುತ್ತಿರಲಿಲ್ಲವಂತೆ. ಅವರಿಗೆ ಬರುವುದು ಕನ್ನಡವೊಂದೇ. ಮೊಮ್ಮಕ್ಕಳಿಬ್ಬರೂ ಶಾಲೆಯಲ್ಲಿ ಓದುವುದು ತೆಲುಗು, ಇಂಗ್ಲಿಷು. ಅಜ್ಜಿ ಎದ್ದು ಹೋದೊಡನೆ ಹುಡುಗ ಚಿತ್ರದ ಭಾಷೆಯನ್ನು ತೆಲುಗಿಗೆ ತಿರುಗಿಸಿದ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಆ ಮನೆಯ ಸಂಜೆಯೊಳಗಿನ ಕನ್ನಡ ಅಲ್ಲಿಗೆ ಮುಗಿದಿತ್ತು.

ಮೊದಲು ಪರದೆಯ ಮಾತು. ಈಗಿನ ಅಗಲ ಪರದೆಗಳೆಲ್ಲ 16ಕ್ಕೆ 9ರ ಪ್ರಮಾಣದವು. ಹಿಂದಿನ ಡಬ್ಬ ಟಿ.ವಿ. 4ಕ್ಕೆ 3. ಇಂಚೆಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. 55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ, 68 ಸೆಂಟಿಮೀಟರ್ ಎತ್ತರ. 43 ಇಂಚಿನದು 95 ಸೆಂಟಿಮೀಟರ್ ಅಗಲ. ಕೂರುವ ದೂರ ಆ ಇಂಚಿನ ಒಂದೂವರೆ ಪಟ್ಟು ಇದ್ದರೆ ಒಳ್ಳೆಯದೆಂಬುದು ರೂಢಿಯ ಲೆಕ್ಕ. ಅಂದರೆ 43ಕ್ಕೆ ಐದೂಕಾಲು ಅಡಿಗೆ ತುಸು ಹೆಚ್ಚು, 55ಕ್ಕೆ ಏಳು ಅಡಿಗೆ ತುಸು ಕಡಿಮೆ. ಆದರೆ ಈ ಲೆಕ್ಕ ಚಿತ್ರ ಸ್ವಚ್ಛವಾಗಿದ್ದರೆ ಮಾತ್ರ. ನಮ್ಮ ಮನೆಗಳಿಗೆ ಬರುವ ಸಾಧಾರಣ ಎಸ್.ಡಿ. ಚಾನೆಲಿನ ಚಿತ್ರದಲ್ಲಿ 720ಕ್ಕೆ 576 ಚುಕ್ಕೆ. 4ಕೆ ಪರದೆಯಲ್ಲಿ 3840ಕ್ಕೆ 2160. ಗುಣಿಸಿ ನೋಡಿದರೆ ಸರಿಯಾಗಿ 20 ಪಟ್ಟು. ಒಂದು ಸೇರು ಹಿಟ್ಟಿನಲ್ಲಿ 20 ಸೇರಿನ ರೊಟ್ಟಿ ತಟ್ಟಿದ ಹಾಗೆ! ಹತ್ತಿರ ಕುಳಿತರೆ ಮಸುಕು ಕಾಣದೆ ಇರುತ್ತದೆಯೇ? ಸಾಧಾರಣ ಚಾನೆಲನ್ನೇ ಹೆಚ್ಚು ನೋಡುವ, ಹತ್ತಡಿಯ ಕೋಣೆಯ ಸಂಸಾರಕ್ಕೆ 43 ಇಂಚು ಧಾರಾಳ ಸಾಕು. ಉಳಿದ ಹಣವನ್ನು ಧ್ವನಿಗೆ ಹಾಕುವುದು ಲೇಸೆಂಬುದು ನನ್ನ ಅಭಿಪ್ರಾಯ. ಅಂದಹಾಗೆ, 32 ಇಂಚಿಗೆ ಮೇಲ್ಪಟ್ಟ ಟಿ.ವಿ.ಗಳ ಮೇಲಿದ್ದ ಶೇ. 28ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಆ ಸಾಲನ್ನು ಓದಿಕೊಳ್ಳಿ.

ಇನ್ನೊಂದು ಸಂಗತಿ. ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ಪರದೆ ತುಂಬ ಹಿಗ್ಗಿಸಿ ನೋಡುವ ಚಾಳಿ ಎಲ್ಲ ಊರಲ್ಲೂ ಇದೆ. 4ಕ್ಕೆ 3ರ ಚಿತ್ರವನ್ನು ಹಾಗೆ ಹಿಗ್ಗಿಸಿದರೆ ಪ್ರತಿಯೊಬ್ಬರ ಮುಖವೂ ಮೂರನೆಯ ಒಂದು ಪಾಲು ದಪ್ಪವಾಗುತ್ತದೆ. ರಾಜಕುಮಾರರ ಮುಖವನ್ನು ಹಾಗೆ ನೋಡುವುದು ನನ್ನಿಂದಾಗದು. ಸೆಟ್ಟಿಂಗಿನಲ್ಲಿ '4:3' ಅಥವಾ 'ಒರಿಜಿನಲ್' ಎಂದಿಟ್ಟರೆ ಇಕ್ಕೆಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ ಬಿಡಿ. 1977ರ 'ಸೊಸೆ ತಂದ ಸೌಭಾಗ್ಯ'ದಿಂದ ಕನ್ನಡಕ್ಕೆ ಬಂದ ಸಿನಿಮಾಸ್ಕೋಪಿನಲ್ಲಾದರೆ ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಅದೂ ಟಿ.ವಿ.ಯ ದೋಷವಲ್ಲ.

ಈಗ ಧ್ವನಿಗೆ ಬರೋಣ. ಡಬ್ಬ ಟಿ.ವಿ.ಯ ಸ್ಪೀಕರು ಹೆಚ್ಚಾಗಿ ಮುಂದಕ್ಕೋ ಪಕ್ಕಕ್ಕೋ ಮುಖ ಮಾಡಿರುತ್ತಿತ್ತು. ತೆಳುವಾದ ಟಿ.ವಿ.ಯಲ್ಲಿ ಅದಕ್ಕೆ ಜಾಗವೆಲ್ಲಿ? ಸಣ್ಣ ಸ್ಪೀಕರು ಕೆಳಕ್ಕೋ ಗೋಡೆಗೋ ಮುಖಮಾಡಿ ಮಾತಾಡುತ್ತದೆ. ಕನ್ನಡ ಮೇಷ್ಟ್ರ ರೀತಿಯಲ್ಲಿ ಹೇಳುವುದಾದರೆ, ಮಾತಿನ ಬಲವೆಲ್ಲ ಸ್ವರಗಳಲ್ಲಿ, ಅರ್ಥವೆಲ್ಲ ವ್ಯಂಜನಗಳಲ್ಲಿ. ತಲೆ, ಕಲೆ, ಬಲೆ, ಹೊಲೆಗಳ ಮೊದಲಕ್ಷರ ಕೇಳಿಸದಿದ್ದರೆ ಉಳಿಯುವುದು ಬರಿಯ 'ಲೆ'. ತ, ಕ, ಸ, ಶಗಳ ಸಪ್ಪಳ ಸಣ್ಣದು, ಹೆಚ್ಚು ಕಂಪನದ್ದು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಅದೇ ಹೆಚ್ಚು ಕಂಪನದ ಸದ್ದನ್ನು. ಅದರ ಮೇಲೆ ಬಾಸ್ ಎಂದು ಡಬ್ಬ ಗುಡುಗಿದರೆ ವ್ಯಂಜನಗಳು ಅದರಡಿ ಮುಳುಗಿಹೋಗುತ್ತವೆ. ಅಂಗಡಿಯಲ್ಲಿ ತೋರಿಸುವುದು ಮಾತ್ರ ಬಾಂಬು, ಕಾರಿನ ಓಟ, ಹುಲಿಯ ಘರ್ಜನೆ. ಹುಲಿಯ ಮಾತನ್ನು ಯಾರೂ ಅರ್ಥ ಮಾಡಿಕೊಳ್ಳಬೇಕಾಗಿಲ್ಲವಲ್ಲ!

ಆ ಆದಿತ್ಯವಾರ ಸಹಪಾಠಿಯ ತಂಗಿಯ ಮನೆಗೆಂದು ಮಡಕಶಿರಾಕ್ಕೆ ಹೋದೆವು. ಕಲ್ಯಾಣದುರ್ಗ ಬಿಟ್ಟು ಪಾವಗಡಕ್ಕೆ ಬಂದರೆ ಕರ್ನಾಟಕ, ಪಾವಗಡ ದಾಟಿದರೆ ಮತ್ತೆ ಆಂಧ್ರ. ಮಡಕಶಿರಾ ಹಿಂದೆ ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮೂರು ಕಡೆ ಕರ್ನಾಟಕವೇ ಸುತ್ತುವರಿದ ಸೀಮೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇಲ್ಲಿಗೆ ದೂರವಿಲ್ಲ.

ತಂಗಿಯದು ಹಳೆಯ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣು. ನಡುಮನೆಯಲ್ಲಿ ಒಂದು ಗೋಡೆಯುದ್ದಕ್ಕೂ ಕಡ್ಲೆಕಾಯಿ ಮೂಟೆಗಳು ಎದೆಯೆತ್ತರ ಪೇರಿಸಿದ್ದವು. ಟಿ.ವಿ. 32 ಇಂಚಿನದು, ಬೇರೆ ಸ್ಪೀಕರಿಲ್ಲ. ಆದರೆ ವಾರ್ತೆಯ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು! ನಾನು ಬೆರಗಾದದ್ದನ್ನು ಕಂಡು ಮನೆಯ ಯಜಮಾನರು ನಕ್ಕು, "ಮೂಟೆ ಹೋದ್ ಮ್ಯಾಲೆ ಬಂದು ಕೇಳಿ ಸಾ. ಕಾಯಿ ಮಾರಿದ್ರೆ ಟೀವಿ ಸೌಂಡೂ ಹೊಂಟೋಗ್ತದೆ" ಎಂದರು. ತಮಾಷೆಗೆ ಹೇಳಿದ ಮಾತಾದರೂ ಅದು ಸತ್ಯ. ಗೋಣಿ, ಕಾಯಿ, ಮಣ್ಣಿನ ಗೋಡೆ ಇವು ಸದ್ದನ್ನು ಹೀರುತ್ತವೆ. ಗ್ರಾನೈಟು, ಗಾಜು, ಸಿಮೆಂಟು ತಿರುಗಿ ಎಸೆಯುತ್ತವೆ. ಒಂದು ಅಕ್ಷರದ ಪ್ರತಿಧ್ವನಿ ಮುಗಿಯುವ ಮೊದಲೇ ಇನ್ನೊಂದು ಅಕ್ಷರ ಬಂದರೆ ಕಿವಿಯಲ್ಲಿ ಗುಂಯ್ ಎನ್ನುವುದೇ ಉಳಿಯುತ್ತದೆ. ನಮ್ಮೂರಿನಲ್ಲಿಯೂ ಮರದ ಮುಚ್ಚಿಗೆಯ ಹಂಚಿನ ಮನೆ ಬಿಟ್ಟು ತಾರಸಿ ಮನೆಗೆ ಬಂದವರು ಇದನ್ನು ಅನುಭವಿಸಿರಬೇಕು. ಬರಿಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಅಲ್ಲಿಗೇ ನಿಂತರೆ ಸರಿ. ಝಣ ಝಣ ಎಂದು ಉಳಿದರೆ ಯಾವ ಕಂಪೆನಿಯ ಸ್ಪೀಕರು ತಂದರೂ ಪೂರ್ತಿ ಪ್ರಯೋಜನವಾಗದು.

ರಾಯದುರ್ಗಕ್ಕೆ ಮರಳಿದ ಮರುದಿನ ಇಬ್ಬರೂ ಕೆಲಸಕ್ಕೆ ಕೈ ಹಾಕಿದೆವು. ಕಡ್ಲೆಕಾಯಿ ಮೂಟೆ ಎಲ್ಲಿಂದ ತರೋಣ? ಗ್ರಾನೈಟು ನೆಲಕ್ಕೆ ಜಮಖಾನೆ ಹಾಸಿದೆವು, ಕಿಟಕಿಗೆ ದಪ್ಪ ಪರದೆ ಕಟ್ಟಿದೆವು. ಪೆಟ್ಟಿಗೆಯೊಳಗಿದ್ದ ಅಮ್ಮನ ಕೈಹೊಲಿಗೆಯ ಎರಡು ಕೌದಿಗಳನ್ನು ಟಿ.ವಿ.ಯ ಎದುರುಗೋಡೆಗೆ ತೂಗುಹಾಕಿದೆವು. ಅಂದಕ್ಕೂ ಕಡಿಮೆಯಿರಲಿಲ್ಲ.

ಆಮೇಲೆ ಸ್ಪೀಕರುಗಳು. ಐದನ್ನೂ ಶೋಕೇಸಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು, ದಸರಾ ಹಬ್ಬದ ಬೊಂಬೆಗಳ ಹಾಗೆ. 5.1 ಎಂದರೆ ಐದು ಸ್ಪೀಕರು, ಒಂದು ಸಬ್‌ವೂಫರು. ಇವುಗಳಲ್ಲಿ ಸಿನಿಮಾದ ಮಾತೆಲ್ಲ ಬಹುಪಾಲು ಬರುವುದು ನಡುವಿನ ಸೆಂಟರ್ ಸ್ಪೀಕರಿನಿಂದ. ಅವರ ಮನೆಯಲ್ಲಿ ಅದೇ ಗಾಜಿನ ಬಾಗಿಲ ಹಿಂದೆ ಸೆರೆಯಾಗಿತ್ತು. ಅದನ್ನು ಪರದೆಯ ಕೆಳಗೆ ಮುಂದಕ್ಕೆಳೆದು, ಕುಳಿತವರ ಕಿವಿಯತ್ತ ತುಸು ಮೇಲ್ಮುಖವಾಗಿಸಿದೆವು. ಎರಡು ಪರದೆಯ ಎಡಬಲಕ್ಕೆ, ಇನ್ನೆರಡು ಕೂರುವವರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ. ಮೂಲೆಯಲ್ಲಿದ್ದ ಸಬ್‌ವೂಫರನ್ನು ಮೂಲೆ ಬಿಡಿಸಿ ಅದರ ಸದ್ದನ್ನು ಅರ್ಧಕ್ಕಿಳಿಸಿದೆವು. ಮೂಲೆಗೆ ಒತ್ತಿದಷ್ಟೂ ಬಾಸ್ ಉಬ್ಬುತ್ತದೆ.

ತಂತಿಯಲ್ಲಿಯೂ ಎಡವಟ್ಟಿತ್ತು. ಕೆಂಪು ಬಿಳಿ ಪಿನ್ನಿನ ತಂತಿಯಿಂದ ಜೋಡಿಸಿದ್ದರು. ಅದರಲ್ಲಿ ಹೋಗುವುದು ಎರಡೇ ಧ್ವನಿ. ಟಿ.ವಿ.ಯ ಹಿಂದೆ 'ಎ.ಆರ್.ಸಿ.' ಎಂದು ಬರೆದ ಎಚ್.ಡಿ.ಎಂ.ಐ. ಕಿಂಡಿಯೊಂದಿರುತ್ತದೆ. ಹೋಂ ಥಿಯೇಟರಿನಲ್ಲಿಯೂ ಅದೇ ಹೆಸರಿನ ಕಿಂಡಿಯಿದ್ದರೆ ಅವೆರಡನ್ನೇ ಜೋಡಿಸಬೇಕು. ಟಿ.ವಿ.ಯ ಧ್ವನಿ ಸೆಟ್ಟಿಂಗಿನಲ್ಲಿ 'ಪಿ.ಸಿ.ಎಂ.' ಬದಲು 'ಬಿಟ್‌ಸ್ಟ್ರೀಮ್' ಎಂದಿಡಬೇಕು. ಇಲ್ಲವಾದರೆ ಹಳೆಯ ಕತೆಯೇ. ಟಿ.ವಿ.ಯ ಸ್ವಂತ ಸ್ಪೀಕರನ್ನು ನಿಲ್ಲಿಸಿಬಿಡಬೇಕು. ಎರಡೂ ಒಟ್ಟಿಗೆ ಮಾತಾಡಿದರೆ ಒಂದರ ಹಿಂದೆ ಇನ್ನೊಂದು ಬಂದು ಮಾತು ತೊದಲುತ್ತದೆ. ಎರಡೇ ಧ್ವನಿಯಲ್ಲಿ ಬರುವ ಸಾಧಾರಣ ಚಾನೆಲುಗಳಿಗೆ 'ಪ್ರೊ ಲಾಜಿಕ್' ಎಂಬ ಗುಂಡಿ ಇದ್ದರೆ ಒತ್ತಿ. ಮಾತು ನಡುವಿನ ಸ್ಪೀಕರಿಗೆ ಬರುತ್ತದೆ. ಇಷ್ಟೆಲ್ಲ ರಗಳೆ ಬೇಡವೆನ್ನುವವರು ಒಂದು ಸೌಂಡ್‌ಬಾರ್ ಕೊಂಡರೂ ಆದೀತು. ಆದರೆ 2.1 ಬೇಡ, 3.1 ಕೇಳಿ; ಆ ಮೂರನೆಯದೇ ಮಾತಿನ ಸ್ಪೀಕರು. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ 'ಪಿ.ಎಂ.ಪಿ.ಓ.' ವ್ಯಾಟ್ ಬರೆದಿದ್ದರೆ ನಂಬಬೇಡಿ, 'ಆರ್.ಎಂ.ಎಸ್.' ಎಷ್ಟೆಂದು ಕೇಳಿ.

ಪರೀಕ್ಷೆಗೆ ನಮ್ಮ ವೃತ್ತಿಯ ಹಳೆಯ ಆಯುಧವನ್ನೇ ಹಿಡಿದೆವು: ಉಕ್ತಲೇಖನ. ಚಂದನದ ವಾರ್ತೆ ಹಾಕಿ, ಅಮ್ಮ ಎಂದಿನ ಮಂಚದ ಮೇಲೆ ಕುಳಿತು ಒಂದೊಂದು ವಾಕ್ಯವನ್ನೂ ತಿರುಗಿ ಹೇಳುವುದು, ನಾನು ಗುರುತು ಹಾಕುವುದು. ಕೆಲಸಕ್ಕೆ ತೊಡಗುವ ಮೊದಲು ಹತ್ತರಲ್ಲಿ ಮೂರು ಬಂದಿದ್ದವು. ಮುಗಿದ ಮೇಲೆ ಎಂಟು. ಟಿ.ವಿ. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಹೀಗೆ ಮಾಡಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಹುಲಿಯನ್ನು ನಿಲ್ಲಿಸಿ ಕನ್ನಡ ವಾರ್ತೆ ಹಾಕೆನ್ನಿ.

ವಾರ್ತೆ ಹಾಕಲು ಚಾನೆಲು ಬೇಕಲ್ಲ. ಆಂಧ್ರದಲ್ಲಿ ತೆಲುಗು ಪ್ಯಾಕು, ನಮ್ಮಲ್ಲಿ ಮಲೆಯಾಳ ಪ್ಯಾಕು ತಾನಾಗಿ ಬಂದು ಕೂರುತ್ತದೆ. 2019ರಿಂದ ಗ್ರಾಹಕರು ಬೇಕಾದ ಚಾನೆಲನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದೆಂಬ ನಿಯಮವಿದೆ, ಕೇಳಿ ಹಾಕಿಸಿಕೊಳ್ಳಬೇಕು. ಒಂದೇ ಚಿತ್ರಕ್ಕೆ ಎರಡು ಧ್ವನಿ ಎಂಬುದೂ ಹೊಸತಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದಾಗ, ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಏರ್ಪಾಡಿತ್ತು. ಕರ್ನಾಟಕ, ಆಂಧ್ರ ಎರಡೂ ಆ ಆರರಲ್ಲಿದ್ದವು. ಈಗ ಮೊಬೈಲು, ಇಂಟರ್ನೆಟ್ಟಿನ ಚಿತ್ರಗಳಲ್ಲಿ 'ಆಡಿಯೋ' ಎಂಬಲ್ಲಿ ಒತ್ತಿದರೆ ಇರುವ ಭಾಷೆಗಳೆಲ್ಲ ಸಾಲಾಗಿ ಬರುತ್ತವೆ. ಹುಡುಗನಿಂದಲೇ ಒತ್ತಿಸಿ 'ಕಾಂತಾರ'ವನ್ನು ಕನ್ನಡದಲ್ಲಿ ಹಾಕಿಸಿದೆ. ಕರಾವಳಿಯ ಮಾತು ಕೇಳಿ ಅಮ್ಮ, "ಇದೂ ಕನ್ನಡಾನೇನ್ರಿ?" ಎಂದರು. ಹೌದೆಂದು, ಭೂತ, ಕೋಲ, ಕಂಬಳಗಳನ್ನು ಅವರಿಗೂ ಹುಡುಗನಿಗೂ ಒಟ್ಟಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಾತು ನಮ್ಮೂರಿನವರಿಗೆ. ತುಲಾಮಾಸದ ಸಿಡಿಲಿಗೆ ಟಿ.ವಿ. ಸುಡುವುದು ಹೊಸ ಸುದ್ದಿಯಲ್ಲ. ಈಗ ಹೋಂ ಥಿಯೇಟರೂ ಜೊತೆಗೆ ಹೋಗುತ್ತದೆ, ಎಲ್ಲವೂ ಒಂದೇ ತಂತಿಯಲ್ಲಿ ಕಟ್ಟಿಕೊಂಡಿರುವುದರಿಂದ. ಗುಡುಗು ಕೇಳುವ ಮೊದಲೇ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಎರಡನ್ನೂ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು.

ನಾನು ಹೊರಡುವ ಹಿಂದಿನ ರಾತ್ರಿ 'ಬೇಡರ ಕಣ್ಣಪ್ಪ' ಹಾಕಿದೆವು, 4:3ರಲ್ಲಿಯೇ. 1954ರ ಚಿತ್ರ. ಅದೇ ವರ್ಷ ಅದೇ ಕತೆ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಆಯಿತು. ರಾಜಕುಮಾರರು ನಾಯಕರಾದ ತೆಲುಗು ಚಿತ್ರ ಅದೊಂದೇ. ಇದನ್ನು ಹೇಳಿದಾಗ ಹುಡುಗ ರಿಮೋಟು ಕೆಳಗಿಟ್ಟು ಅಜ್ಜಿಯ ಮಂಚದ ತುದಿಗೆ ಬಂದು ಕುಳಿತ. ಅರ್ಧ ಗಂಟೆಯಲ್ಲಿ ಎರಡು ಮೂರು ಶಬ್ದಗಳ ಅರ್ಥ ಕೇಳಿದ. ಅಮ್ಮ ಹೇಳಿದರು. ಆಮೇಲೆ ಮಗನ ಕಡೆ ತಿರುಗಿ, "ಸೌಂಡ್ ಸ್ವಲ್ಪ ಕಮ್ಮಿ ಮಾಡಪ್ಪ, ಕೇಳಸ್ತೈತಿ" ಎಂದರು.