ಐಆರ್ ಕಲಿಯಲು ಯಾವ ಫ್ಲೈಯಿಂಗ್ ಸ್ಕೂಲು? ನಂಬಿರುವುದೇನು, ಇರುವುದೇನು

ಸಿಂಧನೂರು ತಾಲೂಕಿನ ದಢೇಸುಗೂರಿನಂಥ ಕಾಲುವೆ ನೀರಿನ ಊರಲ್ಲಿ ಮಗನನ್ನೋ ಮಗಳನ್ನೋ ಪೈಲಟ್ ಮಾಡಬೇಕೆಂದು ಹೊರಟ ಮನೆಯವರಿಗೆ ಮೊದಲು ಎದುರಾಗುವುದು ಅರ್ಧ ಕೋಟಿಯ ಆಸುಪಾಸಿನ ಲೆಕ್ಕ. ಅದಕ್ಕೆ ಭತ್ತದ ಗದ್ದೆ ಮಾರಬೇಕು, ಇಲ್ಲವೇ ಬ್ಯಾಂಕಿಗೆ ಅಡ ಇಡಬೇಕು. ಅಷ್ಟು ದುಡ್ಡು ಕಟ್ಟುವವರು ವಿಚಾರಿಸುವುದು ಮಾತ್ರ ಶಾಲೆಯ ಹೆಸರು, ಫೀಸು, ಹಾಸ್ಟೆಲ್ಲು. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಐಆರ್ ತರಬೇತಿಯನ್ನು ಯಾವ ವಿಮಾನದಲ್ಲಿ, ಎಲ್ಲಿ, ಯಾರು ಕೊಡುತ್ತಾರೆ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಶಾಲೆ ಆರಿಸುವಾಗ ಮೊದಲು ಕೇಳಬೇಕಾದದ್ದೇ ಅದು. ಈ ವಿಷಯದಲ್ಲಿ ಬಾಯಿಂದ ಬಾಯಿಗೆ ಹರಿದು ಬಂದ ಕೆಲವು ನಂಬಿಕೆಗಳು ಮನೆಯವರನ್ನು ದಾರಿ ತಪ್ಪಿಸುತ್ತಿವೆ.

‘ಸಿಪಿಎಲ್ ಕೈಗೆ ಬಂದರೆ ಪೈಲಟ್ ಆದಂಗೆ, ಐಆರ್ ಅನ್ನೋದು ಮೇಲೊಂದು ಸರ್ಟಿಫಿಕೇಟು.’ ಎಲ್ಲಕ್ಕಿಂತ ದುಬಾರಿ ತಪ್ಪು ಇದು. ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಲೈಸೆನ್ಸಿಗೆ, ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ ಉಪಕರಣ ನೋಡಿ ಹಾರಿದ ಸಮಯ 10 ಗಂಟೆ ಇದ್ದರೆ ಸಾಕು. ಐಆರ್‌ಗೆ 40 ಗಂಟೆ ಬೇಕು, ಜೊತೆಗೆ ತಾನೇ ಕಮಾಂಡಿನಲ್ಲಿದ್ದು ಮಾಡಿದ 50 ಗಂಟೆ ಕ್ರಾಸ್ ಕಂಟ್ರಿ ಹಾರಾಟ. ಐಆರ್ ಇಲ್ಲದವನು ಹೊರಗೆ ಕಣ್ಣಿಗೆ ಕಾಣುವ ವಾತಾವರಣದಲ್ಲಿ ಮಾತ್ರ ಹಾರಬಹುದು. ಪ್ರಯಾಣಿಕರ ವಿಮಾನ ಮೋಡ, ಮಳೆ, ಮಂಜು ನೋಡಿ ಮನೆಯಲ್ಲಿ ಕೂರುವುದಿಲ್ಲವಾದ್ದರಿಂದ ವಿಮಾನ ಕಂಪನಿಗಳು ಐಆರ್ ಇಲ್ಲದ ಲೈಸೆನ್ಸನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಮೋಡದೊಳಗೆ ಹೊಕ್ಕರೆ ಅಷ್ಟೇನು ಕಷ್ಟ ಎನ್ನಿಸಬಹುದು. ಮಾಗಿಯ ಬೆಳಗಿನಲ್ಲಿ ತುಂಗಭದ್ರೆಯ ಮೇಲಿನ ಸೇತುವೆ ದಾಟಿ ಸಿರುಗುಪ್ಪದ ಕಡೆ ಹೊರಟ ಲಾರಿಯವನಿಗೆ ಮಂಜಿನಲ್ಲಿ ದಾರಿ ಕಾಣದಿದ್ದರೆ ಪಕ್ಕಕ್ಕೆ ಹಾಕಿ ನಿಲ್ಲಿಸುತ್ತಾನೆ. ಮುಂದೇನಿದೆ ಗೊತ್ತಾಗದಿದ್ದರೂ ನೆಲ ಯಾವುದು, ಮೇಲೆ ಯಾವುದು ಎಂಬುದು ಅವನಿಗೆ ಗೊತ್ತಿರುತ್ತದೆ. ಪೈಲಟ್‌ಗೆ ಆ ಎರಡು ಅನುಕೂಲವೂ ಇಲ್ಲ. ನಮ್ಮ ಒಳಕಿವಿಯಲ್ಲಿರುವ ಅರ್ಧವೃತ್ತದ ನಾಳಗಳ ದ್ರವವೇ ದೇಹ ತಿರುಗುತ್ತಿದೆ ಎಂದು ಮೆದುಳಿಗೆ ತಿಳಿಸುವುದು. ವಿಮಾನ ಒಂದೇ ಹದದಲ್ಲಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಆ ದ್ರವವೂ ಅದೇ ವೇಗಕ್ಕೆ ಬಂದುಬಿಡುತ್ತದೆ. ಆಗ ವಿಮಾನ ನೆಟ್ಟಗೇ ಹೋಗುತ್ತಿದೆ ಅನ್ನಿಸುತ್ತದೆ. ವಿಮಾನದ ವಾಲುವಿಕೆ ತೋರುವ ಆರ್ಟಿಫಿಷಿಯಲ್ ಹೊರೈಜನ್ ನೋಡಿ ರೆಕ್ಕೆ ಸಮ ಮಾಡಿದ ಕೂಡಲೇ ವಿಮಾನ ಇನ್ನೊಂದು ಕಡೆಗೆ ವಾಲಿತು ಎಂದು ಮೈಯೆಲ್ಲ ಕೂಗಿ ಹೇಳುತ್ತದೆ. ಮೈ ಹೇಳಿದ್ದನ್ನು ಬಿಟ್ಟು ಮುಳ್ಳು ಹೇಳಿದ್ದನ್ನು ನಂಬುವ ಅಭ್ಯಾಸವೇ ಈ ತರಬೇತಿಯ ತಿರುಳು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಈ ಅಭ್ಯಾಸವಿಲ್ಲದ 20 ಮಂದಿಯನ್ನು ಮೋಡದೊಳಗೆ ಹೊಕ್ಕಂಥ ಪರಿಸ್ಥಿತಿಗೆ ಒಡ್ಡಿ ನೋಡಿದರು. ವಿಮಾನ ಅವರ ಹತೋಟಿ ತಪ್ಪಲು ಹಿಡಿದ ಸಮಯ ಸರಾಸರಿ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಅಲ್ಲ. ಅನುಭವಿಗಳಿಗೂ ಇದು ತಪ್ಪಿದ್ದಲ್ಲ. 2021ರ ಡಿಸೆಂಬರಿನಲ್ಲಿ ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದದ್ದಕ್ಕೆ, ಹವಾಮಾನ ದಿಢೀರನೆ ಬದಲಾಗಿ ಮೋಡದೊಳಗೆ ಹೊಕ್ಕು ಪೈಲಟ್ ದಿಕ್ಕು ತಪ್ಪಿದ್ದೇ ಕಾರಣ ಎಂದು ತನಿಖಾ ತಂಡ ಹೇಳಿತು.

‘ವರ್ಷಪೂರ್ತಿ ಬಿಸಿಲಿರೋ ಕಡೆ ಶಾಲೆ ನೋಡ್ರಿ, ಲಗೂ ಮುಗೀತದ’ ಎಂಬುದು ಇನ್ನೊಂದು ಸಲಹೆ. 200 ಗಂಟೆ ತುಂಬಿಸುವ ಮಟ್ಟಿಗೆ ಮಾತು ನಿಜ. ಐಆರ್‌ಗೆ ಮಾತ್ರ ಆಕಾಶಕ್ಕಿಂತ ನೆಲದ ಮೇಲೆ ಏನಿದೆ ಎಂಬುದು ಮುಖ್ಯ. ರನ್‌ವೇಗೆ ದಾರಿ ತೋರುವ ಐಎಲ್‌ಎಸ್ ಎಷ್ಟು ದೂರದಲ್ಲಿದೆ? ದಿಕ್ಕು ತಿಳಿಸುವ ರೇಡಿಯೋ ಕೇಂದ್ರ ವಿಒಆರ್ ಇದೆಯೇ? ದಿನದ ಯಾವ ಹೊತ್ತಿನಲ್ಲಿ ತರಬೇತಿ ವಿಮಾನಕ್ಕೆ ಅಲ್ಲಿ ಅಪ್ರೋಚ್ ಅಭ್ಯಾಸ ಮಾಡಲು ಕಂಟ್ರೋಲ್ ಟವರ್ ಅವಕಾಶ ಕೊಡುತ್ತದೆ? ಐಎಲ್‌ಎಸ್‌ನಲ್ಲಿ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತ, ಒಂದು ಮುಳ್ಳು ಎಡಬಲವನ್ನೂ ಇನ್ನೊಂದು ಮೇಲೆ ಕೆಳಗನ್ನೂ ತೋರಿಸುತ್ತಿರುವಾಗ, ಮೊದಲ ದರ್ಜೆಯ ಐಎಲ್‌ಎಸ್ ಆದರೆ 200 ಅಡಿ ಎತ್ತರದವರೆಗೆ ಬರಬಹುದು. ಅಷ್ಟರಲ್ಲಿ ರನ್‌ವೇ ಕಾಣದಿದ್ದರೆ ಎಂಜಿನ್ ಜೋರು ಮಾಡಿ ಮೇಲೇರಬೇಕು. ತಲೆಗೆ ಹುಡ್ ಹಾಕಿಕೊಂಡು, ಹೊರಗಿನದೇನೂ ಕಾಣದಂತೆ, ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಹೊರಗೆ ಕಣ್ಣಿಟ್ಟಿರುವಾಗ ಇದನ್ನು ಮತ್ತೆ ಮತ್ತೆ ಮಾಡಬೇಕು. ಹತ್ತಿರದಲ್ಲಿ ಅಂಥ ಸೌಲಭ್ಯವಿಲ್ಲದ ಶಾಲೆಯ ಹುಡುಗ ತನ್ನ ಗಂಟೆಗಳ ಬಹುಪಾಲನ್ನು ಅಲ್ಲಿಗೆ ಹೋಗಿಬರುವುದರಲ್ಲೇ ಕಳೆಯುತ್ತಾನೆ. ಗಂಟೆ ಲೆಕ್ಕಕ್ಕೆ ಬರುತ್ತದೆ, ಕೈ ಕುದುರುವುದಿಲ್ಲ.

ಸಿಮ್ಯುಲೇಟರ್ ಬಗ್ಗೆ ಎರಡು ತದ್ವಿರುದ್ಧ ನಂಬಿಕೆಗಳಿವೆ. ಅದು ವಿಡಿಯೋ ಗೇಮು, ದುಡ್ಡು ಹೊಡೆಯುವ ದಾರಿ ಎನ್ನುವವರಿದ್ದಾರೆ. ಎಲ್ಲವನ್ನೂ ಅದರಲ್ಲೇ ಅಗ್ಗದಲ್ಲಿ ಮುಗಿಸಬಹುದು ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಆ 40 ಗಂಟೆಯಲ್ಲಿ 20ರವರೆಗೆ ಸಿಮ್ಯುಲೇಟರ್ ಗಂಟೆ ಒಪ್ಪಿತ. ಅಪ್ರೋಚ್ ಕೆಟ್ಟರೆ ಅಲ್ಲಿಯೇ ನಿಲ್ಲಿಸಿ, ಎಲ್ಲಿ ತಪ್ಪಿತೆಂದು ತೋರಿಸಿ, ಮತ್ತೆ ಅದೇ ಜಾಗದಿಂದ ಶುರುಮಾಡುವ ಸೌಕರ್ಯ ವಿಮಾನದಲ್ಲಿ ಸಿಗದು. ಆದರೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ಮಾನ್ಯತೆ ಇಲ್ಲದ ಯಂತ್ರದಲ್ಲಿ ಎಷ್ಟು ಗಂಟೆ ಕೂತರೂ ಲಾಗ್‌ಬುಕ್ಕಿಗೆ ಅದು ಸೊನ್ನೆ. ಮಾನ್ಯತೆಯ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ, ಅವಧಿ ಮುಗಿದಿಲ್ಲವೇ ಎಂದೂ ನೋಡಿ.

ಇನ್ನು ‘ಅವರ ಹತ್ರ ಇಪ್ಪತ್ತು ವಿಮಾನ ಐತ್ರಿ’ ಎಂಬ ಮಾತು. ವಿಮಾನಗಳ ಪಟ್ಟಿ ಜಾಹೀರಾತಿಗೆ ಚಂದ. ನಿಮ್ಮ ಮಗನ ಪಾಲಿಗೆ ಲೆಕ್ಕಕ್ಕೆ ಬರುವುದು ಇವತ್ತು ಬೆಳಿಗ್ಗೆ ಹಾರಲು ಯೋಗ್ಯವಾಗಿರುವ ವಿಮಾನ ಎಷ್ಟು, ಅವನ್ನು ಹಾರಿಸುವ ಇನ್‌ಸ್ಟ್ರಕ್ಟರ್ ಎಷ್ಟು, ಸರದಿಯಲ್ಲಿ ನಿಂತ ವಿದ್ಯಾರ್ಥಿಗಳು ಎಷ್ಟು ಎಂಬುದು. ಬಿಡಿಭಾಗಕ್ಕೆ ಕಾಯುತ್ತ ಹ್ಯಾಂಗರಿನಲ್ಲಿ ತಿಂಗಳುಗಟ್ಟಲೆ ನಿಂತ ವಿಮಾನವೂ ಪಟ್ಟಿಯಲ್ಲಿ ಇರುತ್ತದೆ. ಐಆರ್ ವಿಷಯದಲ್ಲಿ ಇದು ಇನ್ನೂ ಬಿಗಿ. ಕಂಪನಿಗಳು ಕೇಳುವುದು ಎರಡು ಎಂಜಿನ್ನಿನ ವಿಮಾನದ ಮೇಲೆ ಪಡೆದ ಐಆರ್. ಸೆಸ್ನಾ 172ರಂಥ ಒಂದೇ ಎಂಜಿನ್ನಿನ ವಿಮಾನದ ಮೇಲೆ ಪಡೆದದ್ದು ಎರಡು ಎಂಜಿನ್ನಿನದಕ್ಕೆ ನಡೆಯದು. ಎರಡು ಎಂಜಿನ್ನಿನ ಡೈಮಂಡ್ ಡಿಎ42, ಪೈಪರ್ ಸೆನೆಕಾ ಅಥವಾ ಟೆಕ್ನಾಮ್ ಪಿ2006ಟಿ ಶಾಲೆಯ ಬಳಿ ಒಂದೇ ಒಂದಿದ್ದು, ಅದು ರಿಪೇರಿಗೆ ನಿಂತಿತೆಂದರೆ ಒಂದೇ ಎಂಜಿನ್ನಿನ ಗಂಟೆಗಳನ್ನು ಮುಗಿಸಿದವರೆಲ್ಲ ಅಲ್ಲಿಯೇ ಕೈಕಟ್ಟಿ ಕೂರಬೇಕು. ಹಾಸ್ಟೆಲ್ ಬಾಡಿಗೆ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಆದ್ದರಿಂದ ಶಾಲೆಗೆ ಹೋದಾಗ ಆಫೀಸಿನಲ್ಲಿ ಕೂತು ಬ್ರೋಷರ್ ತಿರುವುವುದಕ್ಕಿಂತ ಹ್ಯಾಂಗರಿಗೆ ಹೋಗಿ. ಬೆಳಗಿನ ಹೊತ್ತು ಒಂದು ಕಡೆ ನಿಂತು, ಯಾವ ವಿಮಾನ ಹಾರಿತು, ಯಾವುದಕ್ಕೆ ಧೂಳು ಕೂತಿದೆ ನೋಡಿ. ಆಚೆಗೆ ಚಹಾ ಕುಡಿಯುತ್ತಿರುವ ಹುಡುಗರನ್ನು ಮಾತಾಡಿಸಿ: ಹೋದ ತಿಂಗಳು ಎಷ್ಟು ಗಂಟೆ ಸಿಕ್ಕಿತು? ಆಮೇಲೆ ಇತ್ತೀಚೆಗೆ ಮುಗಿಸಿದ ಒಬ್ಬರ ಲಾಗ್‌ಬುಕ್ ತೋರಿಸಲು ಕೇಳಿ. ಮೊದಲ ಹಾರಾಟದ ತಾರೀಖು, ಕೊನೆಯ ಚೆಕ್ಕಿನ, ಅಂದರೆ ಪರೀಕ್ಷಾ ಹಾರಾಟದ ತಾರೀಖು, ಅವುಗಳ ನಡುವೆ ಖಾಲಿ ಬಿದ್ದ ತಿಂಗಳುಗಳು, ಇನ್‌ಸ್ಟ್ರುಮೆಂಟ್ ಕಾಲಂನಲ್ಲಿ ವಿಮಾನದ್ದೆಷ್ಟು, ಸಿಮ್ಯುಲೇಟರಿನದ್ದೆಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಹತ್ತಿರದ ಶಾಲೆಯೇ ಒಳ್ಳೆಯದು ಎಂದು ಕೆಲವರು, ಸರ್ಕಾರಿ ಮಾನ್ಯತೆ ಇದ್ದರೆ ಕಣ್ಣುಮುಚ್ಚಿ ಸೇರಬಹುದು ಎಂದು ಕೆಲವರು. ಕರ್ನಾಟಕದಲ್ಲಿ ಆಯ್ಕೆಗೆ ಬರವಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಶುರುವಾದ ಜಕ್ಕೂರಿನ ಸರ್ಕಾರಿ ಶಾಲೆ ಇದೆ. 2019ರ ನವೆಂಬರಿನಲ್ಲಿ ಕಲಬುರಗಿ ವಿಮಾನ ನಿಲ್ದಾಣ ತೆರೆಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ಶಾಲೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಸೇರಿದ್ದವು. ಸಿಂಧನೂರಿನವರಿಗೆ ಕಲಬುರಗಿ ನಮ್ಮ ಭಾಗದ್ದೇ ಎಂಬ ಸಮಾಧಾನ ಸಹಜ. ಅದು ಹಬ್ಬಕ್ಕೆ ಊರಿಗೆ ಬರಲು ಅನುಕೂಲ, ಅಷ್ಟೇ. ಮಾನ್ಯತೆ ಎಂಬುದು ಶಾಲೆ ನಡೆಸಲು ಸಿಗುವ ಅನುಮತಿ, ಗುಣಮಟ್ಟಕ್ಕೆ ಕೊಟ್ಟ ಅಂಕವಲ್ಲ. ಅಂಕ ಬೇರೆಯೇ ಇದೆ: ಡಿಜಿಸಿಎ 2025ರಿಂದ ಶಾಲೆಗಳಿಗೆ ದರ್ಜೆ ಕೊಡತೊಡಗಿದೆ, ವರ್ಷಕ್ಕೆರಡು ಸಲ. ಮೊದಲ ಪಟ್ಟಿಯಲ್ಲಿ ದೇಶದ ಒಂದೇ ಒಂದು ಶಾಲೆಯೂ ಮೇಲಿನ ದರ್ಜೆ ಮುಟ್ಟಲಿಲ್ಲ, ಎಲ್ಲವೂ ಬಿ ಮತ್ತು ಸಿ ದರ್ಜೆಯಲ್ಲೇ ಉಳಿದವು. ಹೊಸ ಪಟ್ಟಿ ನೋಡದೆ ಯಾವ ಶಾಲೆಗೂ ಮುಂಗಡ ಕೊಡಬೇಡಿ.

ವಿದೇಶದಲ್ಲಿ ಬೇಗ ಮುಗಿಯುತ್ತದೆ ಎಂಬುದು ಹಲವು ಸಲ ನಿಜವೇ. ಆದರೆ ಅಲ್ಲಿ ಪಡೆದ ಲೈಸೆನ್ಸು ಇಲ್ಲಿ ಹಾಗೇ ನಡೆಯದು. ಅದನ್ನು ಭಾರತದ ಲೈಸೆನ್ಸಾಗಿ ಬದಲಿಸಿಕೊಳ್ಳಲು ಡಿಜಿಸಿಎ ಪರೀಕ್ಷೆಗಳನ್ನು ಬರೆಯಬೇಕು, ಒಂದೊಂದರಲ್ಲೂ ನೂರಕ್ಕೆ 70 ಬೇಕು. ರೇಡಿಯೋ ಬಳಕೆಯ ಆರ್‌ಟಿಆರ್ ಬೇಕು, ಇಲ್ಲಿಯ ಮೆಡಿಕಲ್ ಬೇಕು, ಇಲ್ಲಿ ಮತ್ತೆ ವಿಮಾನ ಹಾರಿಸಿ ಕೈ ತೋರಿಸಬೇಕು. ಅದಕ್ಕೂ ಎರಡು ಎಂಜಿನ್ನಿನ ವಿಮಾನವೇ ಆಗಬೇಕಾದಾಗ ಮತ್ತೆ ಅದೇ ಸರದಿ. ಈ ಖರ್ಚನ್ನು ಏಜೆಂಟರು ಹೇಳುವ ಮೊತ್ತದಲ್ಲಿ ಸೇರಿಸಿದ್ದಾರೆಯೇ ಎಂದು ಬರಹದಲ್ಲಿ ಕೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಆಗದ ಮಾತು ಎಂಬ ಅಳುಕು ನಮ್ಮ ಕಡೆ ಗಟ್ಟಿಯಾಗಿದೆ. ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಇಂಗ್ಲಿಷಿನ ಆರು ಹಂತಗಳಲ್ಲಿ ನಾಲ್ಕನೆಯದನ್ನು. ಉಚ್ಚಾರದಲ್ಲಿ ಊರಿನ ವಾಸನೆ ಇದ್ದರೂ ಅಡ್ಡಿಯಿಲ್ಲ, ಕೇಳಿದವರಿಗೆ ತಿಳಿಯಬೇಕು. ಕನ್ನಡಕ ಹಾಕಿದವರೂ ಆಗಬಹುದು. ಫೀಸು ಕಟ್ಟುವ ಮೊದಲೇ ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್ ಮುಗಿಸಿಕೊಳ್ಳಿ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಬಣ್ಣ ಗುರುತಿಸುವಲ್ಲಿ ತೊಡಕಿದ್ದರೆ ಅದು ಜಮೀನು ಮಾರುವ ಮುನ್ನ ಗೊತ್ತಾಗಬೇಕೇ ಹೊರತು ಮಾರಿದ ಮೇಲಲ್ಲ.

ಪೂರ್ತಿ ಫೀಸು ಒಂದೇ ಗಂಟಿನಲ್ಲಿ ಕೊಟ್ಟರೆ ರಿಯಾಯಿತಿ ಎಂದು ಆಸೆ ತೋರಿಸುವವರಿದ್ದಾರೆ. ಕೊಡಬೇಡಿ. ಹಾರಿದಷ್ಟು ಗಂಟೆಗೆ ಕಂತಿನಂತೆ ಕಟ್ಟುವ ಕರಾರು ಕೇಳಿ. ಎರಡು ಎಂಜಿನ್ನಿನ ಗಂಟೆ ಎಷ್ಟು, ಚೆಕ್ಕಿನಲ್ಲಿ ಫೇಲಾದರೆ ಮರುಹಾರಾಟದ ದರ ಎಷ್ಟು, ನಡುವೆ ಬಿಟ್ಟರೆ ಎಷ್ಟು ವಾಪಸು, ಎಲ್ಲ ಅದರಲ್ಲಿ ಇರಲಿ. ಕೈಯಲ್ಲಿ ಸ್ವಲ್ಪ ದುಡ್ಡು ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಐಆರ್ ಒಮ್ಮೆ ಬಂದರೆ ಜೀವಮಾನಕ್ಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದರ ಅವಧಿ 12 ತಿಂಗಳು. ಕೆಲಸದ ಕರೆಗಾಗಿ ಕಾಯುವ ಕಾಲ ಅದಕ್ಕಿಂತ ಉದ್ದವಾದರೆ ಮತ್ತೆ ವಿಮಾನ ಬಾಡಿಗೆ ಹಿಡಿದು, ಪರೀಕ್ಷಕರ ಮುಂದೆ ಹುಡ್ ಹಾಕಿಕೊಂಡು ಹಾರಿ ನವೀಕರಿಸಬೇಕು. ಹಳೆಯ ವಿದ್ಯಾರ್ಥಿಗಳಿಗೆ ನವೀಕರಣದ ಹಾರಾಟವನ್ನು ಯಾವ ದರಕ್ಕೆ, ಎಷ್ಟು ದಿನದೊಳಗೆ ಕೊಡುತ್ತೀರಿ ಎಂಬುದನ್ನೂ ಸೇರುವ ದಿನವೇ ಕರಾರಿನಲ್ಲಿ ಬರೆಸಿಕೊಳ್ಳಿ.