ಸಾವಯವ ತರಕಾರಿಯೂ ಸಂಸಾರದ ಲೆಕ್ಕವೂ

‘ಸಾವಯವ’ ಎಂಬ ಮಾತು ನನಗೆ ಮೊದಲು ಪರಿಚಯವಾದದ್ದು ಸಾಹಿತ್ಯ ವಿಮರ್ಶೆಯಲ್ಲಿ. ಒಳ್ಳೆಯ ಕವಿತೆಗೆ ಸಾವಯವ ಏಕತೆಯೊಂದಿರುತ್ತದೆ, ಅದರ ಯಾವ ಅಂಗವನ್ನು ಕಿತ್ತರೂ ಉಳಿದದ್ದು ನೋಯುತ್ತದೆ ಎಂದು ಮೂವತ್ತು ವರ್ಷ ಕಾಲೇಜಿನ ಹುಡುಗರಿಗೆ ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೆ ಅದೇ ಪದ ತರಕಾರಿ ಅಂಗಡಿಯ ಫಲಕದ ಮೇಲೆ, ಹಸಿರು ಬಣ್ಣದಲ್ಲಿ, ಇಮ್ಮಡಿ ಬೆಲೆಯನ್ನು ಪಕ್ಕದಲ್ಲಿಟ್ಟುಕೊಂಡು ಎದುರಾಯಿತು. ಹಳೆಯ ವಿದ್ಯಾರ್ಥಿಯೊಬ್ಬ ದೊಡ್ಡ ಹುದ್ದೆಗೇರಿ ಮೇಷ್ಟರ ಗುರುತನ್ನೇ ಮರೆತಂತಾಯಿತು ನನಗೆ.

ಮಿತವಾದ ವರಮಾನದ ಸಂಸಾರ ಈ ಬೆಲೆಯನ್ನು ಕೊಡಬೇಕೆ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಈ ಹೊತ್ತಿನ ಕೋರಿಕೆ. ನಾನು ಕೃಷಿವಿಜ್ಞಾನಿಯಲ್ಲ, ವೈದ್ಯನೂ ಅಲ್ಲ. ಕೈಚೀಲ ಹಿಡಿದು ಕೋಲಾರದ ಸಂತೆಗೆ ಹೋಗುವವನು. ಮುಳಬಾಗಿಲಿನ ಕಡೆ ಟೊಮೇಟೊ ಬೆಳೆಯುವ ತಮ್ಮನೊಬ್ಬನಿಗೆ ಅಣ್ಣ. ನನಗಿರುವ ಅಧಿಕಾರ ಇಷ್ಟೆ.

ಎರಡು ವರ್ಷದ ಹಿಂದೆ ನಮ್ಮ ಸೊಸೆ ಎರಡನೆಯ ಬಾರಿ ಬಸುರಿಯಾದಾಗ, ಇನ್ನು ಮನೆಗೆ ಬರುವ ತರಕಾರಿಯೆಲ್ಲ ಸಾವಯವವೇ ಆಗಬೇಕೆಂದು ಮಗ ತೀರ್ಮಾನಿಸಿದ. ತೀರ್ಮಾನದಲ್ಲಿ ತಪ್ಪೇನಿರಲಿಲ್ಲ. ಆದರೆ ಮನೆಯ ಸಾಲದ ಕಂತು ಕಟ್ಟುತ್ತಿದ್ದವನು ತರಕಾರಿಗೆಂದು ಎತ್ತಿಡುತ್ತಿದ್ದ 3000 ರೂಪಾಯಿಯನ್ನು ಹೆಚ್ಚಿಸಲು ಆಗಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಊಟದ ಎಲೆಯ ಚಹರೆಯೇ ಬದಲಾಯಿತು. ಹುರುಳಿಕಾಯಿ ಪಲ್ಯ ಎಲೆಯ ಮೂಲೆಗೆ ಸರಿಯಿತು. ಹುಳಿಯಲ್ಲಿ ಬೇಳೆಯೇ ಬೇಳೆ. ಸಂಜೆಯ ಹೊತ್ತು ಮೊಮ್ಮಗನ ಕೈಗೆ ಬರುತ್ತಿದ್ದ ಸೀಬೆಹಣ್ಣು ನಿಂತು, ಅದರ ಜಾಗದಲ್ಲಿ ಬಿಸ್ಕತ್ತು ಬಂತು. ಒಂದು ಮಧ್ಯಾಹ್ನ ಬಡಿಸುತ್ತಿದ್ದ ನನ್ನ ಹೆಂಡತಿ, ಯಾರನ್ನೂ ಉದ್ದೇಶಿಸದೆ, “ವಿಷ ಇಲ್ಲ, ನಿಜ. ತರಕಾರೀನೂ ಇಲ್ಲವಲ್ಲ” ಎಂದಳು.

ಆ ಮಾತಿನ ಹಿಂದಿನ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ನೋಡಿದೆ. ಒಬ್ಬ ಮನುಷ್ಯ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐದು ಜನರ ನಮ್ಮ ಮನೆಗೆ, ಮೊಮ್ಮಗನನ್ನೂ ದೊಡ್ಡವನೆಂದೇ ಎಣಿಸಿದರೆ, ದಿನಕ್ಕೆ 2 ಕಿಲೋ, ತಿಂಗಳಿಗೆ 60 ಕಿಲೋ ಆಯಿತು. ಕಿಲೋಗೆ ಸರಾಸರಿ 50 ರೂಪಾಯಿಯೆಂದರೆ ಅದೇ 3000 ರೂಪಾಯಿ. ಬೆಲೆ ಇಮ್ಮಡಿಯಾದರೆ ಅದೇ ಹಣಕ್ಕೆ 30 ಕಿಲೋ. ಅಂದರೆ ಬೇಡದ ವಸ್ತುವೊಂದನ್ನು ದೂರವಿಡುವ ಭರದಲ್ಲಿ ಬೇಕಾದ ವಸ್ತುವನ್ನೇ ಅರ್ಧಕ್ಕಿಳಿಸಿದ್ದೆವು, ಅದೂ ಮನೆಯಲ್ಲಿ ಬಸುರಿ ಹೆಂಗಸಿದ್ದಾಗ!

ಕೊಟ್ಟ ಅಧಿಕ ಹಣಕ್ಕೆ ನಮಗೆ ದೊರೆಯುತ್ತಿದ್ದುದಾದರೂ ಏನು? ಸಾವಯವ ಬೆಳೆಯಲ್ಲಿ ಪೌಷ್ಟಿಕಾಂಶ ಹೆಚ್ಚೆಂಬ ನಂಬಿಕೆ ವ್ಯಾಪಕವಾಗಿದೆ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಜೀವಸತ್ವಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಬ್ರಿಟನ್ನಿನ ಪೋಷಣಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಂಥದೇ ಇನ್ನೊಂದು ಪರಿಶೀಲನೆ, ಸಾವಯವ ಬೆಳೆಯಲ್ಲಿ ಆಂಟಿಆಕ್ಸಿಡೆಂಟುಗಳು ಹೆಚ್ಚಾಗಿವೆ, ಕ್ಯಾಡ್ಮಿಯಂ ಲೋಹ ಕಡಿಮೆಯಿದೆ ಎಂದಿತು. ಪಂಡಿತರ ಈ ಭಿನ್ನಾಭಿಪ್ರಾಯ ನಮ್ಮ ಅಡುಗೆಮನೆಯಲ್ಲಿ ಬಗೆಹರಿಯುವಂಥದಲ್ಲ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಮ್ಮತದಿಂದಿದ್ದಾರೆ: ಸಾವಯವ ಬೆಳೆಯಲ್ಲಿ ಕೀಟನಾಶಕದ ಶೇಷ ಗಣನೀಯವಾಗಿ ಕಡಿಮೆ. ನಾವು ಹಣ ಕೊಡುವುದಾದರೆ ಮುಖ್ಯವಾಗಿ ಇದಕ್ಕೆ.

ಹಾಗಿದ್ದಮೇಲೆ, ಕೀಟನಾಶಕ ಹೆಚ್ಚು ಬೀಳುವ ಬೆಳೆಗೆ ಹೆಚ್ಚು ಹಣ ಕೊಡುವುದು ನ್ಯಾಯ. ಅದು ಬೀಳದ ಬೆಳೆಗೆ ಕೊಡುವುದು ದಂಡ. ಅಂಗಡಿಯಲ್ಲಿ ಚೆಲುವಾದ ಚೀಲದಲ್ಲಿ ಕುಳಿತಿರುವ ಸಾವಯವ ರಾಗಿಯನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ಸೀಮೆಯಲ್ಲಿ ಮಳೆಯಾಶ್ರಯದ ರಾಗಿಗೆ ಸೀಮೆಗೊಬ್ಬರ ಹಾಕುವುದುಂಟು. ಕೀಟನಾಶಕ ಹೊಡೆಯುವವರು ಅಪರೂಪ. ಕೊಯ್ದ ಮೇಲೆ ವರ್ಷಗಟ್ಟಲೆ ಇಟ್ಟರೂ ಅದಕ್ಕೆ ಹುಳ ಬೀಳುವುದಿಲ್ಲ. ಹುರುಳಿಯ ಬೆಳೆಯೂ ಬಹುಮಟ್ಟಿಗೆ ಹಾಗೆಯೇ. ಹಲಸಿನಕಾಯಿ, ಬೇಲಿಯ ನುಗ್ಗೆ, ಬಾಳೆದಿಂಡು, ಸುವರ್ಣಗೆಡ್ಡೆ, ಮಳೆಗಾಲದಲ್ಲಿ ಹಳ್ಳಿಯ ಹೆಂಗಸರು ಆರಿಸಿ ತಂದು ಗುಡ್ಡೆ ಹಾಕಿಕೊಂಡು ಮಾರುವ ಬೆರಕೆ ಸೊಪ್ಪು, ಇವಕ್ಕೆ ಯಾರ ಪ್ರಮಾಣಪತ್ರ ಬೇಕು? ತೆಂಗಿನಕಾಯಿಯ ಚಿಪ್ಪು, ಈರುಳ್ಳಿಯ ಸಿಪ್ಪೆ ತಮ್ಮ ಕೆಲಸವನ್ನು ತಾವೇ ಮಾಡುತ್ತವೆ.

ಇನ್ನೊಂದು ಗುಂಪಿನ ಕಥೆಯೇ ಬೇರೆ. ಸಿಪ್ಪೆಯೊಡನೆ ತಿನ್ನುವ ದ್ರಾಕ್ಷಿ, ಹುಳುವಿನ ಕಾಟ ತಪ್ಪದ ಹೂಕೋಸು, ಎಲೆಕೋಸು, ಬದನೆ, ಬೆಂಡೆ, ಹಸಿಮೆಣಸಿನಕಾಯಿ, ಟೊಮೇಟೊ. ಇವುಗಳಲ್ಲಿ ಕೆಲವಕ್ಕೆ ವಿಶೇಷವಾದ ತೊಡಕೊಂದಿದೆ. ಯಾವುದೇ ಕೀಟನಾಶಕವನ್ನು ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕಾಯಿ ಕೀಳಬಾರದೆಂಬ ನಿಯಮವಿರುತ್ತದೆ. ಅದಕ್ಕೆ ಕಾಯುವ ಅವಧಿ ಎನ್ನುತ್ತಾರೆ. ಭತ್ತಕ್ಕೆ ಕಾಯಬಹುದು, ಅದನ್ನು ಕೊಯ್ಯುವುದು ಒಂದೇ ಸಲ. ಬದನೆ, ಬೆಂಡೆ, ಟೊಮೇಟೊಗಳನ್ನು ಎರಡು ಮೂರು ದಿನಕ್ಕೊಮ್ಮೆ ಬಿಡಿಸಬೇಕು. ಸೋಮವಾರ ಹೊಡೆದು ಬುಧವಾರ ಬಿಡಿಸದಿದ್ದರೆ ಹಣ್ಣು ಗಿಡದಲ್ಲೇ ಕೊಳೆಯುತ್ತದೆ, ಬಿಡಿಸಿದರೆ ನಿಯಮ ಕೊಳೆಯುತ್ತದೆ. ರೈತ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಕೇಳುವ ಮೊದಲು ಅವನು ಬಡ್ಡಿ ಕಟ್ಟುವ ದಿನ ಯಾವುದೆಂದು ಕೇಳಬೇಕು.

ತೊಳೆದರೆ ಹೋಗುವುದಿಲ್ಲವೆ ಎಂದರೆ, ಹೋಗುತ್ತದೆ, ಅರೆಬರೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದರಿಂದ ಮೇಲುಮೈಯ ಶೇಷ ಸಾಕಷ್ಟು ಕಳೆಯುತ್ತದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ರಾಸಾಯನಿಕಗಳನ್ನು ಲೇಪಿಸಿ, ಲೀಟರಿಗೆ 10 ಗ್ರಾಂ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸಿಪ್ಪೆಯ ಮೇಲಿದ್ದುದು ಹೋಯಿತು. ಒಳಕ್ಕೆ ಇಳಿದಿದ್ದುದು ಹೋಗಲಿಲ್ಲ. ಬೇರಿನಿಂದ, ಎಲೆಯಿಂದ ಹೀರಿಕೊಂಡು ಗಿಡದ ಮೈಯೆಲ್ಲ ಹರಡುವ ಅಂತರ್ವ್ಯಾಪಿ ಔಷಧಿಗಳಿಗೆ ನಮ್ಮ ಸೋಡ, ಉಪ್ಪು, ಹುಣಿಸೆನೀರು ಯಾವುದೂ ತಾಗುವುದಿಲ್ಲ.

ಔಷಧಿ ಎಂದೆ. ನಮ್ಮ ರೈತರ ಬಾಯಲ್ಲಿ ಕೀಟನಾಶಕಕ್ಕೆ ಇರುವ ಹೆಸರೇ ಅದು. ‘ಔಷಧಿ ಹೊಡೆದು ಬಂದೆ’ ಎನ್ನುತ್ತಾರೆ. ಭಾಷೆಯನ್ನು ಪಾಠ ಹೇಳಿದವನಾದರೂ ಈ ಪ್ರಯೋಗದ ಬಗ್ಗೆ ನಾನು ಯೋಚಿಸಿದವನಲ್ಲ. ಕಳೆದ ವರ್ಷದ ಬೇಸಿಗೆಯಲ್ಲಿ ಯೋಚಿಸುವಂತಾಯಿತು.

ಟೊಮೇಟೊಗೆ ಬಿಳಿನೊಣ ವಿಪರೀತವಾಗಿತ್ತು. ತಮ್ಮ ಎರಡು ಬಗೆಯ ಔಷಧಿಯನ್ನು ಒಂದೇ ಕ್ಯಾನಿಗೆ ಬೆರೆಸಿ, ಬೆನ್ನಿಗೆ ಕಟ್ಟಿಕೊಂಡು, ಮುಖಕ್ಕೊಂದು ಟವಲು ಸುತ್ತಿ ಮಧ್ಯಾಹ್ನದವರೆಗೆ ಹೊಡೆದಿದ್ದಾನೆ. ಗಾಳಿ ಎದುರಾಗಿತ್ತು. ಮನೆಗೆ ಬಂದವನು ವಾಂತಿ ಮಾಡಿಕೊಂಡು ಜಗಲಿಯ ಮೇಲೆ ಕುಸಿದ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು; ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. “ಯಾವ ಔಷಧಿ ತಗೊಂಡಿದ್ರು?” ಎಂದು ದಾದಿ ಕೇಳಿದಳು. ನಾದಿನಿ, “ತಗೊಂಡಿಲ್ಲಮ್ಮ, ಹೊಡೆದಿದ್ರು” ಎಂದಳು. ದಾದಿ ಮತ್ತೊಮ್ಮೆ ಕೇಳಿದಳು, ನಾದಿನಿ ಮತ್ತೊಮ್ಮೆ ಅದನ್ನೇ ಹೇಳಿದಳು. ನರಗಳು ಕೆಲಸ ಮುಗಿಸಿದ ಮೇಲೆ ಅವನ್ನು ಶಾಂತಗೊಳಿಸುವ ಕಿಣ್ವವೊಂದಿದೆ, ಈ ಜಾತಿಯ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ ಎಂದು ವೈದ್ಯರು ನನಗೆ ವಿವರಿಸಿದರು. ಅಟ್ರೋಪಿನ್ ಕೊಡುತ್ತ ಮೂರು ದಿನ ಇಟ್ಟುಕೊಂಡು ಕಳಿಸಿದರು.

ಆ ಮೂರು ದಿನ ಅವನ ಮಂಚದ ಪಕ್ಕದಲ್ಲಿ ಕುಳಿತಾಗ ನನ್ನ ಲೆಕ್ಕ ಸ್ವಲ್ಪ ಪಲ್ಲಟವಾಯಿತು. ನಮ್ಮ ತಟ್ಟೆಗೆ ಬರುವ ಶೇಷವನ್ನು ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಪ್ರಯೋಗಶಾಲೆಯಲ್ಲಿ ಅಳೆಯುತ್ತಾರೆ. ಹೊಡೆಯುವವನ ಬೆನ್ನ ಮೇಲಿರುವುದು ಲೀಟರುಗಟ್ಟಲೆ. ಕಾಸರಗೋಡಿನ ಗೇರುತೋಟಗಳ ಮೇಲೆ, ನಮ್ಮ ಪುತ್ತೂರು, ಬೆಳ್ತಂಗಡಿ ತಾಲ್ಲೂಕುಗಳ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರಲ್ಲ, ಆ ಗೋಡಂಬಿಯನ್ನು ಪಾಯಸಕ್ಕೆ ಹಾಕಿಕೊಂಡವರು ಹಾಸಿಗೆ ಹಿಡಿಯಲಿಲ್ಲ. ಸರ್ಕಾರದಿಂದ ಇಂದಿಗೂ ಮಾಸಾಶನ ಪಡೆಯುತ್ತಿರುವವರು ತೋಟದ ಕೆಳಗಿನ ಮನೆಗಳವರು. ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ನಿಷೇಧಿಸಿದ್ದು 2011ರಲ್ಲಿ.

ಹಾಸಿಗೆಯಲ್ಲಿದ್ದ ತಮ್ಮನೇ ಹೇಳಿದ: “ಅಣ್ಣಾ, ಮನೆಗೆ ಅಂತ ಹಿತ್ತಲಲ್ಲಿ ಎರಡು ಮಡಿ ಬೇರೆ ಇದೆಯಲ್ಲ, ಅದಕ್ಕೆ ನಾವು ಯಾವತ್ತೂ ಹೊಡೆಯೋದಿಲ್ಲ.” ನಾನು ಬೆಚ್ಚಿದೆ. ನನ್ನೂರಿಗೆ ಹೋದಾಗಲೆಲ್ಲ ಆ ಎರಡು ಮಡಿಯ ಸೊಪ್ಪು ಬದನೆಗಳನ್ನೇ ನನಗೆ ಕಟ್ಟಿಕೊಡುತ್ತಿದ್ದನೆಂದು ಆಗ ತಿಳಿಯಿತು. ಮಂಡಿಗೆ ಹೋಗುವ ಬಾಕ್ಸುಗಳಿಂದ ಎಂದೂ ಕೊಟ್ಟಿರಲಿಲ್ಲ.

“ಎರಡು ಮಡಿ ಅರ್ಧ ಎಕರೆ ಆಗೋದಕ್ಕೆ ಏನು ಬೇಕು?” ಎಂದು ಕೇಳಿದೆ.

“ಕೊಳ್ಳೋರು ಬೇಕು” ಎಂದ.

ಇಲ್ಲಿ ಪ್ರಮಾಣಪತ್ರದ ವಿಷಯ ಸ್ವಲ್ಪ ಹೇಳಬೇಕು. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿಯೊಂದನ್ನು ಪ್ರಕಟಿಸಿತ್ತು. ಅಂಗಡಿಯಲ್ಲಿ ಮಾರುವ ಪದಾರ್ಥಕ್ಕೆ ‘ಸಾವಯವ’ ಎಂಬ ಹೆಸರಿಡಲು 2017ರ ಕೇಂದ್ರ ನಿಯಮಗಳ ಪ್ರಕಾರ ಪ್ರಮಾಣೀಕರಣವಾಗಿರಬೇಕು. ಪೊಟ್ಟಣದ ಮೇಲಿನ ‘ಜೈವಿಕ್ ಭಾರತ್’ ಮುದ್ರೆ ಅದರ ಗುರುತು. ಇದಕ್ಕೆ ಎರಡು ದಾರಿಗಳಿವೆ. ಹೊರಗಿನ ಸಂಸ್ಥೆಯೊಂದು ಶುಲ್ಕ ಪಡೆದು ಪರೀಕ್ಷಿಸುವುದು ಒಂದು. ಅಕ್ಕಪಕ್ಕದ ಕನಿಷ್ಠ ಐವರು ರೈತರು ಗುಂಪಾಗಿ, ಒಬ್ಬರ ಹೊಲವನ್ನೊಬ್ಬರು ನೋಡಿ ಪರಸ್ಪರ ಹೊಣೆಯಾಗುವುದು ಇನ್ನೊಂದು. ಮೊದಲ ದಾರಿಯಲ್ಲಿ ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷದ ಪರಿವರ್ತನೆಯ ಕಾಲ ಕಳೆಯಬೇಕು. ಆ ಅವಧಿಯಲ್ಲಿ ಇಳುವರಿ ಕುಗ್ಗುತ್ತದೆ, ಕಳೆ ಕೀಳುವ ಕೂಲಿ ಏರುತ್ತದೆ, ಸಾವಯವವೆಂದು ಮಾರುವಂತೆಯೂ ಇಲ್ಲ. ಸಾವಯವದ ಬೆಲೆ ಏಕೆ ಹೆಚ್ಚೆಂಬುದಕ್ಕೆ ಇದು ಅರ್ಧ ಉತ್ತರ. ಉಳಿದರ್ಧ ಪೊಟ್ಟಣ, ಸಾಗಾಣಿಕೆ, ಅಂಗಡಿಯ ಬಾಡಿಗೆ, ಮಾರಾಟವಾಗದೆ ಬಾಡಿದ ಸೊಪ್ಪು. ಈ ಎರಡನೆಯ ಅರ್ಧವನ್ನು ಕೊಡಲು ನನಗೆ ಮನಸ್ಸಿಲ್ಲ. ಮೊದಲನೆಯದನ್ನು ಕೊಡದಿರಲು ಮುಖವಿಲ್ಲ.

ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟಿಲ್ಲದ ಸಣ್ಣ ಬೆಳೆಗಾರ, ತಿನ್ನುವವರಿಗೆ ತಾನೇ ನೇರವಾಗಿ ಮಾರುವುದಾದರೆ ಪ್ರಮಾಣಪತ್ರ ಕಡ್ಡಾಯವಲ್ಲ. ಮುದ್ರೆಯನ್ನು ಬಳಸುವಂತಿಲ್ಲ, ಅಷ್ಟೆ. ಈ ಸಣ್ಣ ಬಾಗಿಲಿನಿಂದ ನಾವು ಒಳಹೊಕ್ಕೆವು. ನಮ್ಮ ಬೀದಿಯ ಹನ್ನೆರಡು ಮನೆಗಳವರು ಒಪ್ಪಿದರು. ತಮ್ಮ ಅರ್ಧ ಎಕರೆಯಲ್ಲಿ ಔಷಧಿ ಬಿಟ್ಟು, ಬೇವಿನಹಿಂಡಿ, ಕೊಟ್ಟಿಗೆ ಗೊಬ್ಬರ ಹಾಕಿ ತರಕಾರಿ ಬೆಳೆದು ಗುರುವಾರ ತರುವುದು. ನಾವು ಪೇಟೆಯ ಧಾರಣೆಯ ಮೇಲೆ ಕಿಲೋಗೆ 15 ರೂಪಾಯಿ ಸೇರಿಸಿ ಕೊಡುವುದು. ಮೊದಲ ಫಸಲಿನ ಬದನೆಯನ್ನು ಕಾಯಿಕೊರಕ ಪೂರ್ತಿ ತಿಂದುಹಾಕಿತು. ಹೂಕೋಸು ಬರಲೇ ಇಲ್ಲ. ಟೊಮೇಟೊ ಸಣ್ಣದು, ಮೈಮೇಲೆ ಮಚ್ಚೆ. ಹನ್ನೆರಡು ಮನೆಗಳಲ್ಲಿ ಐದು ಮನೆಯವರು ಬಿಟ್ಟರು. ಅವರನ್ನು ದೂರುವುದು ಸಲ್ಲ; ಅವರೂ ಕೊಟ್ಟದ್ದು ದುಡಿದ ಹಣ.

ಈಗ ನಮ್ಮ ಮನೆಯ ಪದ್ಧತಿ ಇಂತಿದೆ. ರಾಗಿ, ಈರುಳ್ಳಿ, ಗೆಡ್ಡೆ, ಕುಂಬಳ, ಬೆರಕೆ ಸೊಪ್ಪು ಸಂತೆಯಿಂದ. ಟೊಮೇಟೊ, ಬೆಂಡೆ, ಮೆಣಸಿನಕಾಯಿ, ಕೊತ್ತಂಬರಿ ತಮ್ಮನಿಂದ. ದ್ರಾಕ್ಷಿಯನ್ನು ಅಪರೂಪಕ್ಕೆ ಕೊಳ್ಳುತ್ತೇವೆ. ಮೊಮ್ಮಕ್ಕಳಿಗೆ ಬಾಳೆಹಣ್ಣು, ಸೀಬೆ ಮರಳಿ ಬಂದಿವೆ. ಬಾಳೆಯದು ಹೇಗೂ ಸುಲಿದು ತಿನ್ನುವ ಹಣ್ಣು. ಖರ್ಚು 3000 ದಾಟಿ 3300ರ ಹತ್ತಿರ ನಿಂತಿದೆ. ಆ ಮುನ್ನೂರನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. ಮಗ ಬೇಡವೆನ್ನುತ್ತಾನೆ, ನಾನು ಕೇಳುವುದಿಲ್ಲ.

ಉಳಿದ ಎರಡು ಎಕರೆಗೆ ತಮ್ಮ ಈಗಲೂ ಔಷಧಿ ಹೊಡೆಯುತ್ತಾನೆ. ಮುಖಗವಸು, ಕೈಗವಸು ಕೊಡಿಸಿದ್ದೇನೆ, ಸೆಕೆಯೆಂದು ಗೂಟಕ್ಕೆ ತಗುಲಿಹಾಕಿರುತ್ತಾನೆ. ಹಿಂದಿನ ಗುರುವಾರ ಚೀಲ ಇಳಿಸುತ್ತ, ಗುಂಪು ಕಟ್ಟಿ ಮುದ್ರೆ ಪಡೆಯುವ ಯೋಚನೆಯಿದೆಯೆಂದ. ಐವರು ಬೇಕಲ್ಲ, ಎಷ್ಟು ಜನ ಆದಿರೆಂದು ಕೇಳಿದೆ. ತನ್ನನ್ನು ಸೇರಿಸಿ ಮೂವರು ಎಂದ. ಸೊಸೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಮಚ್ಚೆಯ ಟೊಮೇಟೊಗಳನ್ನು ಬೇರೆ ಮಾಡುತ್ತಿದ್ದಳು. ಅವು ಅಂದಿನ ಸಾರಿಗೆ.